ಅಸಲು–ನಕಲು: ಒಂದು ಜಿಜ್ಞಾಸೆ

ಪುಣೆಗೆ ಹೊಸದಾಗಿ ಬಂದ ಕನ್ನಡಿಗರೆಲ್ಲ ಒಮ್ಮೆಯಾದರೂ ನಕ್ಕಿರುವ ಮಾತೊಂದಿದೆ. ಓಣಿಯಲ್ಲಿ ಕೈಗಾಡಿ ತಳ್ಳುತ್ತ ಬರುವವನು ‘ಭಂಗಾರ್, ಭಂಗಾರ್’ ಎಂದು ಕೂಗಿದಾಗ, ಇದೇನು, ಈ ಊರಿನಲ್ಲಿ ಬಂಗಾರವನ್ನು ಗಾಡಿಯಲ್ಲಿಟ್ಟು ಮಾರುತ್ತಾರೆಯೇ ಎಂದು ನಮ್ಮವರು ಬೆರಗಾಗುತ್ತಾರೆ. ಮರಾಠಿಯ ಭಂಗಾರ ಎಂದರೆ ಗುಜರಿ. ನಮ್ಮ ಬಂಗಾರ ಎಂದರೆ ಹೊನ್ನು. ನಡುವಿನ ಅಂತರ ಒಂದು ಮಹಾಪ್ರಾಣದಷ್ಟೇ. ನಗೆಯ ಮಾತಾದರೂ ಇದರಲ್ಲೊಂದು ವಿಚಾರ ಅಡಗಿದೆ. ಅಟ್ಟದ ಮೇಲಿನ ಹಳೆಯ ಟ್ರಂಕಿನಲ್ಲಿರುವ ವಸ್ತು ಭಂಗಾರವೋ ಬಂಗಾರವೋ ಎಂದು ತೀರ್ಮಾನಿಸುವವರು ಯಾರು? ಯಾವ ಆಧಾರದಿಂದ?

ಈ ಪ್ರಶ್ನೆಯನ್ನು ಚರ್ಚಿಸಲು ನಾವು ಇಲ್ಲಿ ಎತ್ತಿಕೊಂಡಿರುವುದು ಒಂದು ವಿಶೇಷ ಬಗೆಯ ವಸ್ತುವನ್ನು: ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ಸೈನಿಕರ ಸಮವಸ್ತ್ರದ ಬಿಲ್ಲೆ, ಪಟ್ಟಿ, ಪದಕಗಳನ್ನು. ಜಗತ್ತಿನ ಹಳೆಯ ವಸ್ತುಗಳ ಪೇಟೆಯಲ್ಲಿ ಇವುಗಳಿಗಿರುವಷ್ಟು ಗಿರಾಕಿ ಬೇರೆ ಸೈನಿಕ ಲಾಂಛನಗಳಿಗೆ ಅಪರೂಪ. ಆದ್ದರಿಂದಲೇ ಇವುಗಳಲ್ಲಿರುವಷ್ಟು ನಕಲಿಯೂ ಅಪರೂಪ. ಪುಣೆಯ ಕನ್ನಡಿಗರಿಗೂ ಜರ್ಮನ್ ಬಿಲ್ಲೆಗೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿದೆ, ಒಂದಲ್ಲ, ಎರಡು.

ಮೊದಲನೆಯದು ಬೆಳಗಾವಿಯ ದಾರಿಯಿಂದ ಬಂದದ್ದು. 1922ರಿಂದ ಬೆಳಗಾವಿಯಲ್ಲಿ ನೆಲೆನಿಂತಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಪಲ್ಟಣಗಳು ಇಟಲಿಯಲ್ಲಿ ಜರ್ಮನರನ್ನು ಎದುರಿಸಿದವು. ಆ ರೆಜಿಮೆಂಟಿನ ಯಶವಂತ ಘಾಡಗೆಯವರು 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಹೋರಾಡಿ ಮಡಿದರು. ನಾಮದೇವ ಜಾಧವರು 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ದಂಡೆಯಲ್ಲಿ ಹೋರಾಡಿ ಬದುಕಿ ಬಂದರು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಸಂದಿತು. ಸೋತ ಶತ್ರುವಿನ ಬೆಲ್ಟಿನ ಬಿಲ್ಲೆಯನ್ನೋ ಎದೆಯ ಮೇಲಿನ ಹದ್ದಿನ ಪಟ್ಟಿಯನ್ನೋ ಜೇಬಿಗಿಳಿಸಿ ಊರಿಗೆ ತರುವುದು ಎಲ್ಲ ಸೈನ್ಯಗಳಲ್ಲೂ ಇದ್ದ ಪರಿಪಾಠ. ಸೈನಿಕರ ಮನೆಗಳಿಂದ ಬಂದ ನಮ್ಮ ಬಳಗದಲ್ಲಿ ಅಂಥ ಟ್ರಂಕು ಯಾರ ಅಟ್ಟದ ಮೇಲೂ ಇರಬಹುದು.

ಎರಡನೆಯದು ಇನ್ನೂ ಹತ್ತಿರದ್ದು, ಇನ್ನೂ ತೊಡಕಿನದು. 1941ರ ಏಪ್ರಿಲಿನಲ್ಲಿ ಸುಭಾಷಚಂದ್ರ ಬೋಸರು ಬರ್ಲಿನ್ ಸೇರಿದರು. ಅದೇ ತಿಂಗಳು ಉತ್ತರ ಆಫ್ರಿಕದ ಮೆಕಿಲಿಯಲ್ಲಿ ಭಾರತೀಯ ಸೈನಿಕರು ರೊಮೆಲ್ಲನ ಪಡೆಗೆ ಸೆರೆಸಿಕ್ಕರು. ಇಂಥ ಯುದ್ಧಕೈದಿಗಳಿಂದಲೇ ಮುಂದೆ ಜರ್ಮನಿಯಲ್ಲಿ ‘ಆಜಾದ್ ಹಿಂದ್’ ದಳ ಕಟ್ಟಲ್ಪಟ್ಟಿತು. ಜರ್ಮನ್ ಸೈನ್ಯದ ಪಟ್ಟಿಯಲ್ಲಿ ಅದು 950ನೆಯ ರೆಜಿಮೆಂಟು. ಸಂಖ್ಯೆ ಎರಡು ಸಾವಿರಕ್ಕೂ ಮಿಕ್ಕಿ. ತೊಟ್ಟದ್ದು ಜರ್ಮನ್ ಸಮವಸ್ತ್ರ. ಬಲತೋಳಿನ ಮೇಲೆ ಮಾತ್ರ ಕೇಸರಿ, ಬಿಳಿ, ಹಸಿರು ಬಣ್ಣಗಳ ನಡುವೆ ನೆಗೆಯುವ ಹುಲಿ, ಅದರ ಮೇಲೆ ‘ಸ್ವತಂತ್ರ ಭಾರತ’ ಎಂಬರ್ಥದ ಜರ್ಮನ್ ಅಕ್ಷರಗಳು. ಇಂದು ನಮ್ಮ ದೇಶದವರು ಆಸೆಪಟ್ಟು ಹುಡುಕುವುದೂ, ಸುಲಭವಾಗಿ ಮೋಸಹೋಗುವುದೂ ಈ ಹುಲಿಯ ಪಟ್ಟಿಯ ವಿಷಯದಲ್ಲೇ. ತೊಟ್ಟವರು ಎರಡು-ಮೂರು ಸಾವಿರ ಜನ. ಆದರೆ ಎಷ್ಟು ಜನಕ್ಕೆ ಬೇಕಾದರೂ ಪೇಟೆಯಲ್ಲಿ ಪಟ್ಟಿ ಸಿಗುತ್ತದೆಯೆಂದರೆ ಲೆಕ್ಕ ಎಲ್ಲೋ ತಪ್ಪಿದೆಯೆಂದು ತಿಳಿಯಲು ಗಣಿತಜ್ಞರು ಬೇಕಿಲ್ಲ.

ಅಸಲು-ನಕಲುಗಳನ್ನು ಬೇರ್ಪಡಿಸುವ ಬಗೆ ಹೇಗೆ? ಬಲ್ಲವರು ಮೊದಲು ನೋಡುವುದು ಬೆನ್ನನ್ನು. ಮುಖವನ್ನು ಯಾರು ಬೇಕಾದರೂ ಅನುಕರಿಸಬಹುದು. ಹಿಂಬದಿಯ ನೇಯ್ಗೆಯ ಕ್ರಮ, ಹೊಲಿಗೆಯ ಗುರುತು, ಪಿನ್ನನ್ನು ಬೆಸೆದ ರೀತಿ, ಇವುಗಳಲ್ಲಿ ಅವಸರದ ಕೈ ಸಿಕ್ಕಿಬೀಳುತ್ತದೆ. ಎರಡನೆಯದು ನೂಲು. ಇಲಕಲ್ ಸೀರೆಯ ಸೆರಗಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದು ರೇಷ್ಮೆಯೋ ಅಲ್ಲವೋ ಎಂದು ನೋಡುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸದೇನಲ್ಲ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲಿನ ವಾಸನೆ. ಹತ್ತಿ ಸುಟ್ಟರೆ ಕಾಗದದ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ನೂಲು 1941ರಲ್ಲಿ ಇಂಗ್ಲೆಂಡಿನಲ್ಲಿ ಶೋಧಿಸಲ್ಪಟ್ಟು ಯುದ್ಧದ ನಂತರ ಬಟ್ಟೆಗೆ ಬಂದದ್ದು. ಆದ್ದರಿಂದ ಜರ್ಮನ್ ಪಟ್ಟಿಯ ನೂಲು ಮಣಿಯಾದರೆ ವಿಚಾರಣೆ ಅಲ್ಲಿಗೇ ಮುಗಿಯಿತು.

ಮೂರನೆಯದು ಬೆಳಕು. ಬ್ಯಾಂಕಿನಲ್ಲಿ ನೋಟು ನೋಡುವ ನೇರಳಾತೀತ ದೀಪದ ಕೆಳಗೆ ಹಿಡಿದಾಗ ಬಿಳಿ ನೂಲು ಫಳಫಳನೆ ಹೊಳೆದರೆ ಸಂಶಯಪಡಬೇಕು. ಹಾಗೆ ಹೊಳೆಯಿಸುವ ಬಿಳುಪುಕಾರಕಗಳು ಬಟ್ಟೆಯಲ್ಲೂ ಸಾಬೂನಿನ ಪುಡಿಯಲ್ಲೂ ಬಳಕೆಗೆ ಬಂದು ಹಬ್ಬಿದ್ದು ಹೆಚ್ಚಾಗಿ ಯುದ್ಧ ಮುಗಿದ ಮೇಲೆ. ನಾಲ್ಕನೆಯದು ಲೋಹ. ಯುದ್ಧದ ಆರಂಭದಲ್ಲಿ ಬಿಲ್ಲೆಗಳಿಗೆ ತಾಮ್ರ-ಸತುವಿನ ಒಳ್ಳೆಯ ಮಿಶ್ರಲೋಹ ಬಳಸುತ್ತಿದ್ದವರು, ದಿನ ಕೆಟ್ಟಂತೆಲ್ಲ ಬರಿಯ ಸತುವಿಗೆ ಇಳಿದರು. ‘ಐರನ್ ಕ್ರಾಸ್’ ಪದಕಕ್ಕೆ ಸಾಮಾನ್ಯವಾಗಿ ನಡುವೆ ಕಬ್ಬಿಣ, ಸುತ್ತ ಬೆಳ್ಳಿಯ ಚೌಕಟ್ಟು; ಅಯಸ್ಕಾಂತ ಹಿಡಿಯುತ್ತದೆ, ಜೋಡಣೆಯ ಅಂಚು ಕಾಣುತ್ತದೆ. ಒಂದೇ ಎರಕದಲ್ಲಿ ಹೊಯ್ದ ನಕಲಿಗೆ ಆ ಅಂಚಿಲ್ಲ.

ಇಷ್ಟು ತಿಳಿದರೆ ಸಾಕೇ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಕಡೆಗೇ. ಒಬ್ಬ ಸೈನಿಕ ತಂದ ನಿಜವಾದ ಪಟ್ಟಿಯನ್ನು ಅವನ ಮನೆಯಾಕೆ ಧೂಳು ಹಿಡಿಯಿತೆಂದು ಒಂದು ದಿನ ಸಾಬೂನಿನ ಪುಡಿಯಲ್ಲಿ ನೆನೆಸಿ ಒಗೆದಳು ಎನ್ನೋಣ. ಆ ಅಸಲು ಪಟ್ಟಿ ದೀಪದ ಕೆಳಗೆ ಹೊಳೆಯುತ್ತದೆ, ನಕಲಿಯೆಂದು ತೀರ್ಪಾಗುತ್ತದೆ. ಇತ್ತ, ದೀಪದ ಗುಟ್ಟು ತಿಳಿದ ಮೋಸಗಾರ ಹಳೆಯ ಹತ್ತಿ ನೂಲನ್ನೇ ಹುಡುಕಿ ತಂದು, ಚಹದ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ ನೇಯಿಸಿದರೆ ಅದು ಪರೀಕ್ಷೆಯಲ್ಲಿ ಪಾಸಾಗುತ್ತದೆ. ಪರೀಕ್ಷೆಗಳೆಲ್ಲದರ ಸ್ವಭಾವವೇ ಇದು: ಅವು ‘ಅಲ್ಲ’ ಎಂದು ಹೇಳಬಲ್ಲವು, ಅದೂ ಹಲವು ಬಾರಿ ಅನುಮಾನದಿಂದ, ‘ಹೌದು’ ಎಂದು ಮಾತ್ರ ಹೇಳಲಾರವು.

ಇದಕ್ಕಿಂತ ಗಟ್ಟಿಯಾದ ಒಗಟೊಂದಿದೆ. ಬೋಸರು ಜರ್ಮನಿಯಲ್ಲಿದ್ದಾಗ ಸ್ಥಾಪಿಸಿದ ಆಜಾದ್ ಹಿಂದ್ ಪದಕಗಳನ್ನು ತಯಾರಿಸಿದ್ದು ವಿಯೆನ್ನಾದ ರುಡಾಲ್ಫ್ ಸೂವಾಲ್ ಎಂಬ ಸಂಸ್ಥೆ. ಯುದ್ಧ ಮುಗಿದು ವರ್ಷಗಳಾದ ಮೇಲೆ ಅದೇ ಸಂಸ್ಥೆ ಸಂಗ್ರಾಹಕರಿಗಾಗಿ ಆ ಪದಕಗಳನ್ನು ಮತ್ತೆ ಹೊಡೆಯಿತು. ಅದೇ ಮನೆ, ಅದೇ ಮಾದರಿ, ಅದೇ ಕಸುಬು. ಈ ಎರಡನೆಯ ಪದಕ ಅಸಲೋ ನಕಲೋ? ಇನ್ನೊಂದು ಕಡೆಯಿಂದ ನೋಡಿ: ಯುದ್ಧಕಾಲದಲ್ಲೇ ನೇಯ್ದು, ಯಾರ ತೋಳಿಗೂ ಏರದೆ, ಗೋದಾಮಿನಲ್ಲೇ ಉಳಿದ ತೋಳಪಟ್ಟಿಗಳಿವೆ. ನೂಲು ಅಸಲು, ಕಾಲ ಅಸಲು. ಆದರೆ ಅದರ ಹಿಂದೆ ಒಬ್ಬ ಸೈನಿಕನೂ ಇಲ್ಲ. ಅದನ್ನು ಏನೆಂದು ಕರೆಯೋಣ?

ನಮ್ಮ ಮನೆಯ ದೃಷ್ಟಾಂತದಿಂದ ಇದನ್ನು ಬಿಡಿಸಲು ಯತ್ನಿಸೋಣ. ಅಕ್ಕಸಾಲಿಗನು ಒಂದೇ ದಿನ, ಒಂದೇ ಚಿನ್ನದಿಂದ, ಒಂದೇ ಅಚ್ಚಿನಲ್ಲಿ ಎರಡು ತಾಳಿಗಳನ್ನು ಮಾಡಿದ. ಒಂದು ಮದುವೆಯ ಮಂಟಪಕ್ಕೆ ಹೋಯಿತು. ಇನ್ನೊಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು. ಒರೆಗಲ್ಲಿಗೆ ಎರಡೂ ಒಂದೇ. ತಕ್ಕಡಿಗೆ ಎರಡೂ ಒಂದೇ. ಆದರೆ ಮೊದಲನೆಯದನ್ನು ನಲವತ್ತು ವರ್ಷ ಕೊರಳಲ್ಲಿ ಧರಿಸಿದಾಕೆಯ ಮುಂದೆ ಎರಡನೆಯದನ್ನಿಟ್ಟು ‘ಎರಡೂ ಒಂದೇ ತಾಯಿ, ಬದಲಿಸಿಕೊಳ್ಳಿ’ ಎಂದು ಹೇಳುವ ಧೈರ್ಯ ಯಾರಿಗಿದೆ? ಒರೆಗಲ್ಲು ಚಿನ್ನವನ್ನು ಹೇಳೀತು, ಮದುವೆಯನ್ನು ಹೇಳಲಾರದು.

ಹಾಗೆಂದು ಅಂಗಡಿಯ ತಾಳಿ ಸುಳ್ಳು ತಾಳಿಯೇ? ಅಲ್ಲ. ಅದು ಅಂಗಡಿಯ ತಾಳಿಯಾಗಿರುವ ತನಕ ಅದರಲ್ಲಿ ಯಾವ ದೋಷವೂ ಇಲ್ಲ. ‘ಇದು ನಮ್ಮ ಅಜ್ಜಿಯ ಕೊರಳಲ್ಲಿದ್ದದ್ದು’ ಎಂದು ಯಾರೋ ಹೇಳಿ ಮಾರಿದ ಗಳಿಗೆಯಲ್ಲಿ ಅದು ನಕಲಿಯಾಯಿತು. ಚಿನ್ನ ಬದಲಾಗಲಿಲ್ಲ, ಬದಲಾದದ್ದು ಮಾತು. ವಿಯೆನ್ನಾದ ಎರಡನೆಯ ಪದಕದ ಒಗಟಿಗೂ ಇದೇ ಉತ್ತರ. ‘ಯುದ್ಧಾನಂತರ ಹೊಡೆದದ್ದು’ ಎಂಬ ಚೀಟಿಯೊಡನೆ ಅದು ಪ್ರಾಮಾಣಿಕ ಪ್ರತಿ. ಚೀಟಿ ಕಿತ್ತರೆ ಕೂಟಸಾಕ್ಷಿ. ನಕಲಿತನವಿರುವುದು ವಸ್ತುವಿನಲ್ಲಲ್ಲ, ವಸ್ತುವಿನ ಬಗ್ಗೆ ಮನುಷ್ಯ ಆಡಿದ ಮಾತಿನಲ್ಲಿ ಎಂಬುದು ನಮ್ಮ ನಿಲುವು.

ಪ್ರತಿ ಮಾಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ನಾಟಕದ ಪಾತ್ರಧಾರಿಗೆ ಬಿಲ್ಲೆ ಬೇಕು, ಶಾಲೆಯ ಪ್ರದರ್ಶನಕ್ಕೆ ಮಾದರಿ ಬೇಕು. ಪಶ್ಚಿಮ ಜರ್ಮನಿ 1957ರಲ್ಲಿ ಕಾನೂನು ಮಾಡಿ, ನಾತ್ಸಿ ಚಿಹ್ನೆಯನ್ನು ತೆಗೆದುಹಾಕಿದ ರೂಪದಲ್ಲಿ ಯುದ್ಧಕಾಲದ ಪದಕಗಳನ್ನು ತೊಡಲು ಮಾಜಿ ಸೈನಿಕರಿಗೆ ಅವಕಾಶ ಕೊಟ್ಟಿತು. ಅವು ಹೊಸದಾಗಿ ಮಾಡಿದವೇ, ಆದರೆ ಯಾರನ್ನೂ ವಂಚಿಸಲಿಲ್ಲ. ಇನ್ನೂ ಹತ್ತಿರದ ಮಾದರಿ ಬೇಕೆಂದರೆ ನಮ್ಮ ಪುಣೆಯ ಭಾಂಡಾರ್ಕರ್ ಸಂಶೋಧನ ಮಂದಿರವನ್ನು ನೋಡಬಹುದು. ಅಲ್ಲಿನ ವಿದ್ವಾಂಸರು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಗಾಗಿ ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಪರಿಶೀಲಿಸಿದರು. ಪ್ರಾಚೀನ ಪಾಠವೆಂದು ತೋರಿದ್ದನ್ನು ಮೇಲಿಟ್ಟರು. ನಂತರ ಸೇರಿದ್ದೆಂದು ಕಂಡುದನ್ನು ಎಸೆಯಲಿಲ್ಲ, ಅಡಿಟಿಪ್ಪಣಿಗಳಲ್ಲೂ ಅನುಬಂಧಗಳಲ್ಲೂ ಅಚ್ಚು ಮಾಡಿಸಿದರು. ತಡವಾಗಿ ಬಂದದ್ದೆಲ್ಲ ತುಚ್ಛವಲ್ಲ. ತಡವಾಗಿ ಬಂದೆನೆಂದು ಒಪ್ಪಿಕೊಂಡು ತನ್ನ ಸ್ಥಾನದಲ್ಲಿ ಕೂತರೆ ಸಾಕು.

‘ಆಗಲಿ ಸ್ವಾಮಿ, ಕೊಂಡವನಿಗೆ ಸಂತೋಷ, ಮಾರಿದವನಿಗೆ ಲಾಭ, ಸತ್ತುಹೋದ ಸೈನಿಕನಿಗೆ ಇದರಿಂದ ನಷ್ಟವೇನು?’ ಎಂದು ವ್ಯವಹಾರಸ್ಥರು ಕೇಳಬಹುದು. ಈ ಆಕ್ಷೇಪಣೆಗೆ ನಮ್ಮ ಇತಿಹಾಸದಲ್ಲೇ ಉತ್ತರವಿದೆ. ನಮ್ಮ ಇಮ್ಮಡಿ ಪುಲಕೇಶಿಯ ಸಮಕಾಲೀನನೂ ಎದುರಾಳಿಯೂ ಆಗಿದ್ದ ಹರ್ಷವರ್ಧನನ ಮಧುಬನ್ ತಾಮ್ರಶಾಸನದಲ್ಲಿ ಒಂದು ಪ್ರಸಂಗ ಬರುತ್ತದೆ. ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬವನು ಕೂಟಶಾಸನದ, ಎಂದರೆ ಸುಳ್ಳು ತಾಮ್ರಪಟದ ಬಲದಿಂದ ಅನುಭವಿಸುತ್ತಿದ್ದನು. ಅರಸನು ಆ ಪಟವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ದತ್ತಿಯಾಗಿ ಕೊಟ್ಟನು. ಅಲ್ಲಿ ನಷ್ಟ ಒಂದು ಹಳ್ಳಿಯದಷ್ಟೇ ಅಲ್ಲ. ಒಂದು ಸುಳ್ಳು ಪಟ ನಡೆದರೆ ಊರಿನ ನಿಜವಾದ ಪಟಗಳೆಲ್ಲದರ ಮೇಲೂ ಅನುಮಾನದ ನೆರಳು ಬೀಳುತ್ತದೆ. ಕೂಟಸಾಕ್ಷಿಗಳು ತುಂಬಿದ ಕಚೇರಿಯಲ್ಲಿ ನಿಜ ಹೇಳುವವನ ಮಾತೂ ನಡೆಯದು. ಇಂದು ಒಬ್ಬ ಬಡ ಸೈನಿಕನ ಮೊಮ್ಮಗ ಹುಲಿಯ ಪಟ್ಟಿಯನ್ನು ಮುಂದಿಟ್ಟು ‘ಇದು ನಮ್ಮ ಅಜ್ಜನದು’ ಎಂದರೆ, ನೋಡಿದವರ ತುಟಿಯಲ್ಲಿ ಮೊದಲು ಮೂಡುವುದು ಕೊಂಕು ನಗೆ. ಆ ನಗೆಯೇ ನಕಲಿಯವರು ಮಾಡಿದ ಕಳವು. ಅವರು ಕದ್ದದ್ದು ಹಣವನ್ನಲ್ಲ, ಒಬ್ಬ ಸತ್ಯವಂತನ ಮಾತಿನ ಬೆಲೆಯನ್ನು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅಸಲು ಎಂದ ಮಾತ್ರಕ್ಕೆ ಪೂಜ್ಯವಾಗುವುದಿಲ್ಲ. ಜರ್ಮನ್ ಭೂಸೈನ್ಯದ ಬೆಲ್ಟಿನ ಬಿಲ್ಲೆಯ ಮೇಲೆ ‘ದೇವರು ನಮ್ಮೊಂದಿಗಿದ್ದಾನೆ’ ಎಂಬರ್ಥದ ಮೂರು ಶಬ್ದಗಳಿದ್ದವು, ಕೆಳಗೆ ಹದ್ದು, ಅದರ ಉಗುರುಗಳಲ್ಲಿ ನಾತ್ಸಿಗಳ ಚಿಹ್ನೆ. ಬಿಲ್ಲೆಯ ಲೋಹ ಅಸಲು, ಅಚ್ಚು ಅಸಲು. ಆದರೆ ಅದರ ಮೇಲೆ ಬರೆದ ಮಾತು? ಅರವತ್ತು ಲಕ್ಷ ಯಹೂದಿಗಳನ್ನು ಕೊಂದ ಆಳ್ವಿಕೆಯ ಸೊಂಟಪಟ್ಟಿಯ ಮೇಲಿನ ಆ ಮೂರು ಶಬ್ದಗಳಿಗಿಂತ ದೊಡ್ಡ ನಕಲಿ ಯಾವುದಿದ್ದೀತು? ನಮ್ಮ ಹೊಸ್ತಿಲಿನ ರಂಗೋಲಿಯಲ್ಲಿ ಮಂಗಳವಾಗಿರುವ ಸ್ವಸ್ತಿಕವನ್ನು ಹೋಲುವ ಆ ಗುರುತು ಅಲ್ಲಿ ಯಾವ ಅರ್ಥ ಪಡೆಯಿತೆಂಬುದನ್ನು ಮರೆತು, ಬಿಲ್ಲೆಯನ್ನು ಶೋಕಿಗಾಗಿ ಅಂಗಿಗೆ ಸಿಕ್ಕಿಸುವ ತರುಣರನ್ನು ಕಂಡರೆ ವ್ಯಥೆಯಾಗುತ್ತದೆ. ಅಂಥ ವಸ್ತುವನ್ನು ಉಳಿಸುವುದು ಸಾಕ್ಷಿಯೆಂದು, ಅಲಂಕಾರವೆಂದಲ್ಲ.

ಹುಲಿಯ ಪಟ್ಟಿಯೂ ನಮ್ಮನ್ನು ಸುಲಭವಾಗಿ ಬಿಡುವುದಿಲ್ಲ. ಅದನ್ನು ತೊಟ್ಟವರು ದೇಶದ ಬಿಡುಗಡೆಗಾಗಿ ಪ್ರತಿಜ್ಞೆ ತೆಗೆದುಕೊಂಡರು. ಆ ಪ್ರತಿಜ್ಞೆಯಲ್ಲಿ ಬೋಸರ ಹೆಸರಿನೊಡನೆ ಹಿಟ್ಲರನ ಹೆಸರೂ ಇತ್ತು. 1943ರ ಫೆಬ್ರುವರಿಯಲ್ಲಿ ಬೋಸರು ಜಲಾಂತರ್ಗಾಮಿಯೇರಿ ಪೂರ್ವಕ್ಕೆ ಹೊರಟುಹೋದರು. ಇವರು ಯೂರೋಪಿನಲ್ಲೇ ಉಳಿದರು. 1944ರ ಆಗಸ್ಟಿನಲ್ಲಿ ಇವರನ್ನು ವಾಫೆನ್ ಎಸ್.ಎಸ್. ಅಧೀನಕ್ಕೆ ಒಪ್ಪಿಸಲಾಯಿತು. ಮುಳ್ಳುತಂತಿಯ ಒಳಗಿನಿಂದ ಆ ಪಟ್ಟಿಯ ಕಡೆಗೆ ನಡೆದವರಲ್ಲಿ ದೇಶಪ್ರೇಮಿಗಳೂ ಇದ್ದಿರಬೇಕು, ಹಸಿದವರೂ ಇದ್ದಿರಬೇಕು, ಜೊತೆಗಾರ ಹೋದನೆಂದು ಹೋದವರೂ ಇದ್ದಿರಬೇಕು. ಅಸಲು ಪಟ್ಟಿ ಈ ಪ್ರಶ್ನೆಗಳನ್ನು ನಮ್ಮೆದುರು ಇಡುತ್ತದೆ. ನಕಲಿ ಪಟ್ಟಿಗೆ ಪ್ರಶ್ನೆಯೇ ಇಲ್ಲ. ಅದು ಬರಿಯ ಹೆಮ್ಮೆಯ ಆಟಿಕೆ.

ಇನ್ನು ನಮ್ಮಂಥ ವಲಸೆ ಬಂದ ಮನೆಗಳ ಮಾತು. ಊರಿನಲ್ಲಿದ್ದಾಗ ಸುಳ್ಳು ಹೇಳುವುದು ಅಷ್ಟು ಸುಲಭವಿರಲಿಲ್ಲ. ‘ನಮ್ಮ ಅಜ್ಜ ಸುಬೇದಾರರಾಗಿದ್ದರು’ ಎಂದು ಯಾರಾದರೂ ಕೊಚ್ಚಿಕೊಂಡರೆ, ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರು ಎಲೆಯಡಿಕೆ ಉಗುಳಿ ‘ಸುಬೇದಾರ ಎಲ್ಲಿಂದ ಬಂತಪ್ಪಾ, ಅದೇ ಪಲ್ಟಣದಾಗ ಅಡಿಗಿ ಮಾಡತಿದ್ದ’ ಎಂದು ತಿದ್ದುತ್ತಿದ್ದರು. ಆ ಕಟ್ಟೆಯೇ ನಮ್ಮ ಒರೆಗಲ್ಲು. ಪುಣೆಯ ಫ್ಲ್ಯಾಟಿನಲ್ಲಿ ಆ ಮುದುಕರಿಲ್ಲ. ಇಲ್ಲಿ ನಮ್ಮ ಅಜ್ಜನನ್ನು ಹವಾಲ್ದಾರನೆಂದರೂ ಕೇಳುವವರಿಲ್ಲ, ನೇತಾಜಿಯ ಬಲಗೈಯೆಂದರೂ ಕೇಳುವವರಿಲ್ಲ. ಮಕ್ಕಳು ನಂಬುತ್ತಾರೆ, ಸೊಸೆಯ ತವರಿನವರು ತಲೆದೂಗುತ್ತಾರೆ. ಪೇಟೆಯ ನಕಲಿಗಿಂತ ಮನೆಯಲ್ಲಿ ತಯಾರಾಗುವ ಈ ನಕಲಿ ಹೆಚ್ಚು ಅಪಾಯಕರ. ಏಕೆಂದರೆ ಇದಕ್ಕೆ ಯಾವ ದೀಪವೂ ಇಲ್ಲ. ತಿದ್ದುವವರಿಲ್ಲದ ಕಡೆ ಬದುಕುವವನ ನಾಲಿಗೆಯ ಮೇಲೆ ಭಾರ ಹೆಚ್ಚು. ಸಾವಿರ ಸೈನಿಕರಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಯಿಸಿ ಹಾಕಿದ ಅಜ್ಜನಿಗೆ ಸುಬೇದಾರನ ಸುಳ್ಳು ಬಿರುದು ಗೌರವವಲ್ಲ. ಅವನು ನಿಜವಾಗಿ ಮಾಡಿದ ಕೆಲಸ ನಮಗೆ ಸಾಲದಾಯಿತು ಎಂದು ಹೇಳಿದಂತೆ.

ಕೊಳ್ಳುವವರ ಪಾಲನ್ನೂ ಮರೆಯಬಾರದು. ಬುಧವಾರ, ಭಾನುವಾರ ಸೇರುವ ನಮ್ಮ ಜುನಾ ಬಾಜಾರದಂಥ ಸಂತೆಗಳ ಸೊಬಗೇ ಬೇರೆ. ಬೀಗದ ಕೈಯಿಂದ ತಾಮ್ರದ ಹಂಡೆಯವರೆಗೆ ಹಳೆಯದೆಂಬುದೆಲ್ಲ ಅಂಥ ಕಡೆ ಸಿಗುತ್ತದೆ. ಆದರೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ, ರಾಮ-ಸೀತೆಯರ ಚಿತ್ರವಿರುವ ನಾಣ್ಯವನ್ನು ಯಾರಾದರೂ ಪಿಸುಮಾತಿನಲ್ಲಿ ಲಕ್ಷ ಬಾಳುತ್ತದೆಂದು ತೋರಿಸಿದರೆ, ಕಂಪನಿ ಅಂಥ ನಾಣ್ಯವನ್ನು ಹೊರಡಿಸಿಯೇ ಇರಲಿಲ್ಲವೆಂಬುದು ನೆನಪಿರಲಿ. ನಂಬಬೇಕೆಂಬ ನಮ್ಮ ಆಸೆಯೇ ನಕಲಿಯವನ ಬಂಡವಾಳ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಬಾಯಲ್ಲಿ ಹೇಳುತ್ತ, ಕೈಯಲ್ಲಿ ತಂಬಿಗೆ ಹಿಡಿದು ನಿಲ್ಲುವವರು ನಾವೇ ಅಲ್ಲವೇ?

ಮಾಡಬೇಕಾದದ್ದೇನು? ಬಹಳವೇನಿಲ್ಲ. ಬರುವ ರಜೆಯಲ್ಲಿ ಅಟ್ಟದ ಟ್ರಂಕನ್ನು ಇಳಿಸಿ ನೋಡಿ. ಅಜ್ಜನ ಪದಕವಿದ್ದರೆ ಭಂಗಾರದವನಿಗೆ ತೂಕಕ್ಕೆ ಹಾಕುವ ಮುನ್ನ ಅದರ ಅಂಚನ್ನೂ ಬೆನ್ನನ್ನೂ ಬೆಳಕಿಗೆ ಹಿಡಿಯಿರಿ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರು ಕೆತ್ತಿಸದೆ ಹಂಚಿದರು. ಭಾರತೀಯ ಸೈನಿಕರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ಹೆಸರೂ ಸಂಖ್ಯೆಯೂ ಇರುತ್ತವೆ. ಜರ್ಮನ್ ಬಿಲ್ಲೆಯ ಮೇಲಾದರೋ ಹೆಸರಿರುವುದಿಲ್ಲ; ಅದಕ್ಕೆ ನಾಲಿಗೆ ನಾವೇ ಆಗಬೇಕು. ಒಂದು ಕಾಗದದ ಮೇಲೆ ಬರೆದಿಡಿ: ಇದು ಯಾರಿಂದ ಯಾರ ಕೈಗೆ ಬಂತು, ಯಾವ ವರ್ಷ, ತಂದವರು ತಮ್ಮ ಬಾಯಿಂದ ಏನು ಹೇಳಿದ್ದರು. ಕಣ್ಣಾರೆ ಕಂಡದ್ದನ್ನು ಬೇರೆ ಬರೆಯಿರಿ, ಕಿವಿಯಾರೆ ಕೇಳಿದ್ದನ್ನು ಬೇರೆ ಬರೆಯಿರಿ. ತಿಳಿಯದ ಕಡೆ ‘ತಿಳಿಯದು’ ಎಂದೇ ಬರೆಯಿರಿ. ಆ ಒಂದು ಶಬ್ದ ಉಳಿದೆಲ್ಲ ಶಬ್ದಗಳಿಗೂ ಜಾಮೀನು ನಿಲ್ಲುತ್ತದೆ. ಸಂತೆಯಲ್ಲಿ ಕೊಂಡದ್ದಾದರೆ ಸಂತೆಯ ಹೆಸರನ್ನೂ ಕೊಟ್ಟ ಬೆಲೆಯನ್ನೂ ನಾಚಿಕೊಳ್ಳದೆ ಬರೆಯಿರಿ. ಕೆಳಗೆ ದಿನಾಂಕ ಹಾಕಿ ಸಹಿ ಮಾಡಿ.

ನಮ್ಮ ಮಕ್ಕಳು, ಮೊಮ್ಮಕ್ಕಳು ನಾಳೆ ಯಾವ ದೇಶದಲ್ಲಿರುತ್ತಾರೋ ಹೇಳಬಲ್ಲವರಾರು? ಆ ಟ್ರಂಕು ಅವರ ಕೈ ಸೇರುವ ಹೊತ್ತಿಗೆ ನೂಲು ಮಾಸಿರುತ್ತದೆ, ಲೋಹ ಕಂದಿರುತ್ತದೆ, ಕೇಳೋಣವೆಂದರೆ ನಾವೂ ಇರುವುದಿಲ್ಲ. ಆಗ ಅವರ ಪಾಲಿಗೆ ಅಸಲೆಂದು ಉಳಿಯುವುದು ಆ ಕಾಗದದ ಮೇಲೆ ನಾವು ಕೂಡಿಸದೆ, ಕಳೆಯದೆ ಬರೆದಿಟ್ಟ ನಾಲ್ಕು ಸಾಲು ಮಾತ್ರ.